ಬಹುದು, ಬೇಕು, ಬಾರದು
ಇಂಗ್ಲಿಷಿನ ಕಿರಿಯ ಕ್ರಿಯಾಪದಗಳ ಹಿರಿಯ ಅಧಿಕಾರ

ಮಳೆಯನ್ನು ನಂಬಿದ ಸೀಮೆಯಲ್ಲಿ ಮುಗಿಲನ್ನು ನೋಡಿ ಆಡುವ ಮಾತು ಹಗುರವಾಗಿರುವುದಿಲ್ಲ. ಗದಗ ಜಿಲ್ಲೆಯ ರೋಣ, ಗಜೇಂದ್ರಗಡಗಳ ಕಡೆಗೆ ಇಟಗಿಯೆಂಬ ಊರುಂಟು. ಭೀಮಾಂಬಿಕಾ ದೇವಿಯ ಸನ್ನಿಧಾನದಿಂದ ಆ ಊರಿನ ಹೆಸರು ಉತ್ತರ ಕರ್ನಾಟಕದ ಭಕ್ತಾದಿಗಳಿಗೆಲ್ಲ ಪರಿಚಿತ. ಮಹಾದೇವ ದೇವಾಲಯಕ್ಕೆ ಪ್ರಸಿದ್ಧವಾದ ಇಟಗಿ ಬೇರೆ. ಅದು ಕೊಪ್ಪಳ ಜಿಲ್ಲೆಯದು.

ಎರೆಯ ಹೊಲಗಳ ಈ ಸೀಮೆಯಲ್ಲಿ ಬಿತ್ತನೆಯ ಕಾಲಕ್ಕೆ ಒಕ್ಕಲಿಗನು ಮುಗಿಲನ್ನು ಕುರಿತು ಎಷ್ಟು ಬಗೆಯಾಗಿ ಮಾತನಾಡಬಲ್ಲನೆಂಬುದು ಗಮನಿಸತಕ್ಕ ಸಂಗತಿ. ‘ಮಳೆ ಬರುತ್ತದೆ’ ಎಂದರೆ ಅವನಿಗೆ ಸಂಶಯವಿಲ್ಲ. ‘ಸಂಜೆಗೆ ಬರಬೇಕು’ ಎಂದರೆ ಲಕ್ಷಣಗಳೆಲ್ಲ ಕೂಡಿವೆ, ಇನ್ನು ಬಾರದಿದ್ದರೆ ಅದು ಮಳೆಯ ತಪ್ಪು. ‘ಬರಬಹುದು’ ಎಂದರೆ ಬಂದರೂ ಸರಿಯೆ, ಬಾರದಿದ್ದರೂ ಆಶ್ಚರ್ಯವಿಲ್ಲ. ‘ಬಂದೀತು’ ಎಂದರೆ ಆಸೆ ಇನ್ನೂ ಸಣ್ಣದಾಯಿತು. ‘ಬರಲಿಕ್ಕಿಲ್ಲ’ ಎಂದರೆ ಬೀಜದ ಚೀಲವನ್ನು ಒಳಗಿಡುವುದೇ ಲೇಸು. ಎಲ್ಲಿಂದಲೋ ತಂಪುಗಾಳಿ ಬೀಸಿದರೆ, ‘ಗಜೇಂದ್ರಗಡದ ಕಡೆಗೆ ಆಗಿರಬೇಕು’ ಎಂದು ಕಾಣದ ಮಳೆಯನ್ನೂ ಅವನು ಊಹಿಸುವನು.

ಈ ಮಾತುಗಳಲ್ಲೆಲ್ಲ ಮಳೆ ಒಂದೇ. ಬದಲಾದುದು ಆಡುವವನ ಮನಸ್ಸಿನ ಒಲವು. ನಡೆಯುವ ಸಂಗತಿಗೂ ಅದನ್ನು ಹೇಳುವ ಬಾಯಿಗೂ ನಡುವೆ ನಿಂತು, ‘ಇದು ಇಷ್ಟು ಖಚಿತ, ಇದಕ್ಕೆ ಇಷ್ಟು ಅಪ್ಪಣೆ, ಇದು ಇಂಥವರ ಹೊಣೆ’ ಎಂದು ಸಾರುವ ಅಂಶವೊಂದು ಎಲ್ಲ ಭಾಷೆಗಳಲ್ಲಿಯೂ ಇರುವುದು. ಕನ್ನಡದಲ್ಲಿ ಅದು ಬಹುಮಟ್ಟಿಗೆ ಕ್ರಿಯಾಪದದ ಬಾಲದಲ್ಲಿರುತ್ತದೆ. ಶಾಲೆಯ ವ್ಯಾಕರಣದಲ್ಲಿ ಬರುವ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳು ಇದೇ ಸಂಸಾರಕ್ಕೆ ಸೇರಿದವು. ಇಂಗ್ಲಿಷಿನಲ್ಲಾದರೆ ಇದಕ್ಕೆಂದೇ ಮುಖ್ಯವಾಗಿ ಒಂಬತ್ತು ಸಹಾಯಕ ಕ್ರಿಯಾಪದಗಳುಂಟು: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಆಟ್, ನೀಡ್, ಡೇರ್ ಎಂಬವು ಇವುಗಳ ನೆರೆಹೊರೆಯವು.

ಮೇಲಿನ ಮಳೆಯ ಮಾತನ್ನು ಇಂಗ್ಲಿಷಿಗೆ ತಂದರೆ ಸಾಲು ಬಲು ಸಲೀಸಾಗಿ ಕೂಡುತ್ತದೆ. ಬರುತ್ತದೆ ಎಂಬಲ್ಲಿ ವಿಲ್. ಲಕ್ಷಣ ನೋಡಿ ಬರಬೇಕು ಎಂಬಲ್ಲಿ ಶುಡ್. ಬರಬಹುದು ಎಂಬಲ್ಲಿ ಮೇ. ಬಂದೀತು ಎಂಬಲ್ಲಿ ಮೈಟ್. ಆಗಿರಬೇಕು ಎಂಬ ಊಹೆಗೆ ಮಸ್ಟ್. ಇಷ್ಟು ಭೇದಗಳನ್ನು ಪ್ರತಿದಿನವೂ ತಪ್ಪಿಲ್ಲದೆ ಬಳಸುವ ಮನೆಯ ಮಗುವು ಪರೀಕ್ಷೆಯ ಕೊಠಡಿಯಲ್ಲಿ ಮೇ ಯಾವುದು, ಮಸ್ಟ್ ಯಾವುದು ಎಂದು ತಡವರಿಸುವುದು ವಿಚಿತ್ರವೇ ಸರಿ. ತನಗೆ ತಿಳಿದುದನ್ನೇ ಹೊಸ ಹೆಸರಿನಲ್ಲಿ ಕಲಿಯುತ್ತಿರುವೆನೆಂದು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ.

ಬೇರುಗಳ ಸೋಜಿಗ

ಕನ್ನಡವು ದ್ರಾವಿಡ ವರ್ಗಕ್ಕೆ ಸೇರಿದ ಭಾಷೆ. ಇಂಗ್ಲಿಷು ಇಂಡೋ-ಯೂರೋಪಿಯನ್ ವರ್ಗದ್ದು. ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಈ ಕಿರಿಯ ಪದಗಳ ಬೇರನ್ನು ಕೆದಕಿದರೆ ದೂರದ ಎರಡು ಜನಾಂಗಗಳ ಮನಸ್ಸು ಒಂದೇ ಹಾದಿಯಲ್ಲಿ ನಡೆದಂತೆ ತೋರುತ್ತದೆ.

ಕ್ಯಾನ್ ಎಂಬುದರ ಮೂಲಾರ್ಥ ‘ತಿಳಿ’ ಎಂದು. ಹಳೆಯ ಇಂಗ್ಲಿಷಿನಲ್ಲಿ ಒಂದನ್ನು ‘ತಿಳಿದವನು’ ಎಂದರೆ ಅದನ್ನು ‘ಮಾಡಲಾಪವನು’ ಎಂದೇ ಭಾವ ಬೆಳೆಯಿತು. ಸಂಸ್ಕೃತದ ಜ್ಞಾನ ಶಬ್ದವೂ ಈ ಕ್ಯಾನ್ ಪದವೂ ಒಂದೇ ಮೂಲದ ಕವಲುಗಳು. ಕನ್ನಡದ ‘ಬಲ್ಲ’ ಎಂಬುದನ್ನು ನೋಡಿರಿ. ‘ಅವಳು ಸಂಗೀತ ಬಲ್ಲಳು’ ಎಂದರೆ ತಿಳಿದವಳು. ‘ಅವಳು ಹಾಡಬಲ್ಲಳು’ ಎಂದರೆ ಶಕ್ತಳು. ಅರಿವೇ ಶಕ್ತಿಯಾಗಿ ಮಾರ್ಪಟ್ಟ ಅದೇ ಕಥೆ ಇಲ್ಲಿಯೂ ನಡೆದಿದೆ.

ಶಲ್ ಎಂಬುದರ ಮೂಲದಲ್ಲಿ ಸಾಲವಿದೆ. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ತಪ್ಪಿಗೂ ಇಂದಿಗೂ ಬಳಕೆಯಲ್ಲಿರುವ ಶಬ್ದ ಈ ಶಲ್‌ನ ದಾಯಾದಿ. ಆಟ್ ಕೂಡ ಋಣದ ಮನೆತನದ್ದೇ. ಮಾಡತಕ್ಕದ್ದೆಂದರೆ ತೀರಿಸಬೇಕಾದ ಋಣವೆಂಬ ಭಾವನೆ ಅಲ್ಲಿಯದು. ಮೇ ಎಂದರೆ ಮೊದಲು ಬಲವುಳ್ಳವನೆಂದು ಅರ್ಥ. ಮೈಟ್ ಎಂಬ ನಾಮಪದ ಈಗಲೂ ಶಕ್ತಿಯನ್ನೇ ಸೂಚಿಸುತ್ತದೆ. ಇನ್ನು ಮಸ್ಟ್‌ನ ಚರಿತ್ರೆಯು ಕೇಳಿದವರನ್ನು ಬೆರಗುಗೊಳಿಸುವಂಥದು. ಇಂದು ಕಡ್ಡಾಯವನ್ನು ಸಾರುವ ಈ ಪದದ ಪೂರ್ವಜವು ಬಹುಕಾಲದ ಹಿಂದೆ ಅಪ್ಪಣೆಯನ್ನು, ಎಂದರೆ ‘ಬಹುದು’ ಎಂಬುದನ್ನು, ಹೇಳುತ್ತಿತ್ತು. ಕೊಟ್ಟ ಅಪ್ಪಣೆಯೇ ಕಾಲಕ್ರಮದಲ್ಲಿ ಕಟ್ಟಳೆಯಾಗಿ ಕುಳಿತಿತು!

ಕನ್ನಡದ ಪದಗಳೂ ಇಷ್ಟೇ ಸ್ವಾರಸ್ಯವಾದವು. ‘ಬೇಕು’ ಎಂಬುದು ಬಯಕೆಯನ್ನು ಸೂಚಿಸುವ ಧಾತುವಿನಿಂದ ಬಂದುದು. ಹಳಗನ್ನಡದಲ್ಲಿ ಅದು ‘ಬೇಳ್ಕುಂ’ ಎಂದಿತ್ತು. ‘ಬಹುದು’ ಎಂಬುದು ಬರುವುದು ಎಂಬುದರ ರೂಪಾಂತರ; ಅದರ ನಿಷೇಧವೇ ‘ಬಾರದು’. ಆದುದರಿಂದಲೇ ‘ನನಗೆ ಈಜು ಬಾರದು’ ಎಂಬಲ್ಲಿ ಅಶಕ್ತಿಯೂ, ‘ಕೆರೆಯಲ್ಲಿ ಈಜಬಾರದು’ ಎಂಬಲ್ಲಿ ನಿಷೇಧವೂ ಒಂದೇ ಪದದಿಂದ ಹೊರಡುತ್ತವೆ. ‘ಕೂಡದು’ ಎಂದರೆ ಹೊಂದದು. ‘ತಕ್ಕದ್ದು’ ಎಂದರೆ ಯೋಗ್ಯವಾದುದು.

ಇನ್ನೊಂದು ಹೋಲಿಕೆ ಇಟಗಿಯ ಕಡೆಯ ಆಡುಮಾತಿನಿಂದಲೇ ದೊರೆಯುವುದು. ವಿಲ್ ಎಂದರೆ ಮೂಲದಲ್ಲಿ ಇಚ್ಛಿಸು ಎಂದರ್ಥ. ಸಂಸ್ಕೃತದ ‘ವರ’ ಶಬ್ದಕ್ಕೆ ಅದು ದೂರದ ನೆಂಟ. ಕಾಲಾನಂತರದಲ್ಲಿ ಅದು ಭವಿಷ್ಯವನ್ನು ಸೂಚಿಸುವ ಪದವಾದರೂ ನಿರಾಕರಣೆಯಲ್ಲಿ ಮಾತ್ರ ಹಳೆಯ ಇಚ್ಛೆ ಜೀವಂತವಾಗಿ ಉಳಿದಿದೆ. ಬಾಗಿಲು ಬಿಗಿದುಕೊಂಡರೆ ಇಂಗ್ಲಿಷರು ‘ದಿ ಡೋರ್ ವೋಂಟ್ ಓಪನ್’ ಎನ್ನುವರು. ಮರದ ಬಾಗಿಲಿಗೆ ಇಚ್ಛೆಯೆಲ್ಲಿಯದು? ಆದರೆ ಉತ್ತರ ಕರ್ನಾಟಕದವರು ಇದನ್ನು ಕೇಳಿ ನಗಲಾರರು. ‘ಒಲ್ಲೆ’ ಎಂದು ನಿರಾಕರಿಸುವ ಅವರ ಬಾಯಲ್ಲಿ ಬಾಗಿಲೂ ‘ತೆರೆಯವಲ್ದು’, ಗಾಡಿಯೂ ‘ಹೋಗವಲ್ದು’, ಮಳೆಯೂ ‘ಬರವಲ್ದು’. ಒಲ್ಲದು ಎಂದರೆ ಒಲಿಯದು. ವೋಂಟ್ ಎಂಬುದಕ್ಕೆ ಇದಕ್ಕಿಂತ ನಿಕಟವಾದ ಭಾಷಾಂತರವನ್ನು ಯಾವ ನಿಘಂಟೂ ಕೊಡಲಾರದು.

ರೂಪದಲ್ಲಿಯೂ ಒಂದು ಸಾಮ್ಯವುಂಟು. ನಾನು ಬರಬೇಕು, ಅವಳು ಬರಬೇಕು, ಅವರು ಬರಬೇಕು. ಲಿಂಗ, ವಚನ, ಪುರುಷಗಳು ಬದಲಾದರೂ ‘ಬೇಕು’ ಬದಲಾಗದು. ಮಸ್ಟ್ ಕೂಡ ಹಾಗೆಯೇ. ಅವನು, ಅವಳು ಎಂಬ ಕರ್ತೃಪದ ಬಂದಾಗ ಇಂಗ್ಲಿಷಿನ ಇತರ ಕ್ರಿಯಾಪದಗಳಿಗೆ ಹತ್ತುವ ‘ಎಸ್’ ಅಕ್ಷರ ಇವುಗಳಿಗೆ ಹತ್ತುವುದಿಲ್ಲ. ಕ್ಯಾನ್, ಮಸ್ಟ್‌ಗಳ ಮುಂದೆ ‘ಟು’ ಬರುವುದಿಲ್ಲ. ಕುಡ್ ಪದದ ಕಾಗುಣಿತದಲ್ಲಿರುವ, ಉಚ್ಚಾರವಿಲ್ಲದ ‘ಎಲ್’ ಅಕ್ಷರವು ಮೂಲದಲ್ಲಿ ಇರಲೇ ಇಲ್ಲ. ಶುಡ್, ವುಡ್‌ಗಳ ಸಹವಾಸದಿಂದ ಅದು ಅಲ್ಲಿ ಬಂದು ಸೇರಿಕೊಂಡಿತು.

ನಿಷೇಧದ ಬಲೆ

ಹೋಲಿಕೆಯನ್ನು ನಂಬಿ ಮುಂದೆ ನಡೆದವನು ಎಡವುವುದು ನಿಷೇಧದಲ್ಲಿ. ಮಸ್ಟ್ ಎಂದರೆ ಬೇಕು, ನಾಟ್ ಎಂದರೆ ಇಲ್ಲ. ಎರಡನ್ನೂ ಕೂಡಿಸಿದರೆ ‘ಬೇಕಿಲ್ಲ’ ಎಂದಾಗಬೇಕಷ್ಟೆ? ಆಗುವುದಿಲ್ಲ. ಮಸ್ಟ್ ನಾಟ್ ಎಂದರೆ ‘ಕೂಡದು’. ‘ಬೇಕಾಗಿಲ್ಲ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ನೀಡ್ ನಾಟ್ ಎಂಬ ಬೇರೆಯ ಮಾತುಂಟು. ಕಾರಣ ಸರಳವಾದುದು. ಮಸ್ಟ್ ನಾಟ್ ಎಂಬಲ್ಲಿ ನಾಟ್ ಎಂಬುದು ಮಸ್ಟ್ ಅನ್ನು ಅಲ್ಲಗಳೆಯದೆ ಮುಂದಿನ ಕ್ರಿಯೆಯನ್ನು ಅಲ್ಲಗಳೆಯುತ್ತದೆ: ‘ಮಾಡದೆ ಇರಬೇಕು’ ಎಂದು ಅದರ ತಾತ್ಪರ್ಯ. ಬೇಕಾಗಿಲ್ಲ ಎಂಬಲ್ಲಿ ಅಳಿಯುವುದು ಕಡ್ಡಾಯವೇ ಹೊರತು ಕ್ರಿಯೆಯಲ್ಲ.

ಇದು ಅಂಕಗಳ ಪ್ರಶ್ನೆ ಮಾತ್ರವಾಗಿದ್ದರೆ ಚಿಂತೆಯಿರಲಿಲ್ಲ. ಔಷಧದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ, ಗರ್ಭಿಣಿಯರು ಈ ಗುಳಿಗೆಯನ್ನು ಸೇವಿಸುವ ವಿಷಯವಾಗಿ ‘ಮಸ್ಟ್ ನಾಟ್’ ಎಂದು ಅಚ್ಚಾಗಿದೆಯೆನ್ನಿರಿ. ಅದನ್ನು ಓದಿ ಹೇಳುವ ಹುಡುಗನು ‘ತೆಗೆದುಕೊಳ್ಳಲೇಬೇಕೆಂದೇನಿಲ್ಲ’ ಎಂದರೆ ಮನೆಯವರು ‘ತೆಗೆದುಕೊಂಡರೂ ಅಡ್ಡಿಯಿಲ್ಲ’ ಎಂದು ತಿಳಿದಾರು. ಎರಡು ಅಕ್ಷರದ ತಪ್ಪಿಗೆ ಮನೆಯೇ ಬೆಲೆ ತೆರಬೇಕಾಗುವುದು.

ಮೇ ನಾಟ್ ಎಂಬುದು ಇನ್ನೂ ಜಾರುವ ನೆಲ. ಅದು ‘ಬಾರದು’ ಎಂದೂ ಆಗಬಹುದು, ‘ಮಾಡದಿರಬಹುದು’ ಎಂದೂ ಆಗಬಹುದು. ಕನ್ನಡದಲ್ಲಿ ಈ ಎರಡರ ನಡುವೆ ಗೊಂದಲಕ್ಕೆ ಎಡೆಯಿಲ್ಲ. ಒಂದಕ್ಕೊಂದು ಬೇರೆಯಾದ ರೂಪಗಳೇ ಇವೆ. ಭಾಷಾಂತರಕಾರನು ಇಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳಲೇಬೇಕು. ಒಂದು ವಿಷಯದಲ್ಲಾದರೂ ಕನ್ನಡವು ಇಂಗ್ಲಿಷಿಗಿಂತ ಹೆಚ್ಚು ನಿಷ್ಕೃಷ್ಟವಾಗಿದೆಯೆನ್ನಲು ಇದೊಂದು ನಿದರ್ಶನ.

ಮರ್ಯಾದೆಯ ಹಾದಿ

ಈ ಪದಗಳು ಹೊರುವ ಇನ್ನೊಂದು ಭಾರ ಸೌಜನ್ಯದ್ದು. ಧಾರವಾಡ, ಗದಗಗಳ ಕಡೆಗೆ ಮಾತಿನ ಕೊನೆಗೊಂದು ‘ರೀ’ ಸೇರಿಸಿದರೆ ಸಾಕು, ಆಜ್ಞೆಯು ವಿನಂತಿಯಾಗುವುದು: ಬರ್ರಿ, ಕೂಡ್ರಿ, ನೀರು ಕೊಡ್ರಿ. ಇಂಗ್ಲಿಷಿನಲ್ಲಿ ‘ರೀ’ ಇಲ್ಲ. ನೀನು, ನೀವು ಎಂಬ ಭೇದವೂ ಬಳಕೆಯಿಂದ ಹೋಗಿದೆ. ಆ ಕೊರತೆಯನ್ನು ತುಂಬಿಕೊಡುವವು ಕುಡ್, ವುಡ್ ಎಂಬ ಭೂತಕಾಲದ ರೂಪಗಳು. ಕ್ಯಾನ್ ಯು ಎಂದರೆ ನೇರ ಪ್ರಶ್ನೆ. ಕುಡ್ ಯು ಎಂದರೆ ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಂತೆ. ಕಾಲದ ದೂರವೇ ಇಲ್ಲಿ ಗೌರವದ ದೂರವಾಗಿದೆ. ನಡೆಯದೆ ಹೋದುದನ್ನು ಹೇಳುವಾಗ ಕನ್ನಡವೂ ಹೀಗೆಯೇ ಭೂತಕಾಲವನ್ನು ಆಶ್ರಯಿಸುವುದು: ‘ಮಳೆ ಆಗಿದ್ದರೆ ಬೆಳೆ ಬರುತ್ತಿತ್ತು’ ಎಂಬಲ್ಲಿ ಬೆಳೆ ಬಂದೇ ಇಲ್ಲ.

ಕನ್ನಡದ ‘ಬೇಕು’ ಎಂಬುದರ ಮೃದುತ್ವವನ್ನು ಅರಿಯದೆ ಅದನ್ನು ಮಸ್ಟ್ ಎಂದು ತರ್ಜುಮೆ ಮಾಡಿದರೆ ಅನರ್ಥ ತಪ್ಪದು. ಇಟಗಿಯ ಗುಡಿಯ ಮುಂದೆ ಕೈಮುಗಿದ ಗೃಹಿಣಿ ‘ತಾಯಿ, ಕಾಪಾಡಬೇಕು’ ಎಂದರೆ ಅದು ದೇವಿಗೆ ಇತ್ತ ಅಪ್ಪಣೆಯೇ? ಲಗ್ನಪತ್ರಿಕೆಯಲ್ಲಿ ‘ಆಗಮಿಸಿ ಆಶೀರ್ವದಿಸಬೇಕು’ ಎಂದರೆ ಬಾರದವರಿಗೆ ದಂಡವೇ? ಇಲ್ಲಿ ಬೇಕು ಎಂಬುದು ಬೇಡಿಕೆ; ಮೂಲದಲ್ಲಿದ್ದ ಬಯಕೆಯ ಅರ್ಥವೇ ಮೇಲೆದ್ದಿದೆ. ದೇವಿಯ ಮುಂದಿನ ಮೊರೆಗೆ ಇಂಗ್ಲಿಷಿನಲ್ಲಿ ಹೊಂದುವುದು ಮೇ. ‘ತಾವು ದಯಮಾಡಿ ಎರಡು ದಿನದ ರಜೆ ಕೊಡಬೇಕು’ ಎಂಬ ವಿನಯದ ಕನ್ನಡವನ್ನು ಮನಸ್ಸಿನಲ್ಲಿಟ್ಟು ‘ಯು ಮಸ್ಟ್ ಗಿವ್ ಮಿ ಲೀವ್’ ಎಂದು ಬರೆದ ಹೊಸ ಗುಮಾಸ್ತನು ಉದ್ಧಟನೆನಿಸಿಕೊಳ್ಳುವುದು ಹೀಗೆಯೇ.

ಇಂಗ್ಲಿಷಿನ ಪಂಡಿತರೂ ಈ ವಿಷಯದಲ್ಲಿ ತಮ್ಮ ಮಕ್ಕಳನ್ನು ಕಡಿಮೆ ಕಾಡಲಿಲ್ಲ. ಬರಿಯ ಭವಿಷ್ಯಕ್ಕೆ ‘ನಾನು’ ಎಂಬುದರೊಡನೆ ಶಲ್, ‘ನೀನು’, ‘ಅವನು’ ಎಂಬುವುಗಳೊಡನೆ ವಿಲ್. ಸಂಕಲ್ಪ ಅಥವಾ ಆಜ್ಞೆಯಾದರೆ ಇದು ತಿರುವುಮುರುವು: ಈ ನಿಯಮವನ್ನು ಜಾನ್ ವಾಲಿಸ್ ಎಂಬ ಗಣಿತಜ್ಞನು ೧೬೫೩ರಲ್ಲಿ ತನ್ನ ವ್ಯಾಕರಣದಲ್ಲಿ ಬರೆದನು. ಮುಂದೆ ಅದು ಶತಮಾನಗಳ ಕಾಲ ಪಾಠಶಾಲೆಗಳನ್ನು ಆಳಿತು. ನೀರಿಗೆ ಬಿದ್ದ ಪರದೇಶಿಯೊಬ್ಬನು ಶಲ್ ಎನ್ನಬೇಕಾದಲ್ಲಿ ವಿಲ್ ಎಂದೂ, ವಿಲ್ ಎನ್ನಬೇಕಾದಲ್ಲಿ ಶಲ್ ಎಂದೂ ಕೂಗಿದನಂತೆ. ‘ಮುಳುಗಿಯೇ ತೀರುವೆನು, ಯಾರೂ ಉಳಿಸಕೂಡದು’ ಎಂದು ಅದರ ಅರ್ಥವಾದುದರಿಂದ ದಡದ ಮೇಲಿನ ವ್ಯಾಕರಣಪ್ರಿಯರು ಸುಮ್ಮನೆ ನಿಂತರೆಂದು ಹಳೆಯ ವಿನೋದ. ಇಂದಿನ ಆಡುಮಾತಿನಲ್ಲಿ ಶಲ್ ಬಹುಮಟ್ಟಿಗೆ ಮರೆಯಾಗಿದೆ. ಅದು ಗಟ್ಟಿಯಾಗಿ ನೆಲೆನಿಂತಿರುವ ಮನೆ ಒಂದೇ: ಕಾನೂನು.

ಶಾಸನದಲ್ಲಿ ಒಂದು ಪದ

ಕಾನೂನಿನ ಇಂಗ್ಲಿಷಿನಲ್ಲಿ ಶಲ್ ಎಂದರೆ ಸಾಮಾನ್ಯವಾಗಿ ಕರ್ತವ್ಯ, ಮೇ ಎಂದರೆ ಅಧಿಕಾರ. ೧೯೬೩ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಈ ರಾಜ್ಯದ ಆಡಳಿತ ಭಾಷೆಯಾಯಿತು. ಕನ್ನಡದ ಕಾಯಿದೆಗಳಲ್ಲಿ ಶಲ್‌ಗೆ ‘ತಕ್ಕದ್ದು’ ಎಂದೂ, ಮೇ ಎಂಬುದಕ್ಕೆ ‘ಬಹುದು’ ಎಂದೂ ರೂಢಿ ನೆಲೆಗೊಂಡಿದೆ. ಓದುವ ಕಿವಿಗೆ ಇವು ಬರಿಯ ಶೈಲಿಯ ಭೇದವಾಗಿ ಕೇಳಿಸಬಹುದು. ಆದರೆ ಹಳ್ಳಿಯೊಂದರ ಹಕ್ಕು ಈ ಪದಗಳ ಮೇಲೆಯೇ ನಿಂತಿದೆ.

ಇಟಗಿಯಂಥ ಊರಿನ ಪಂಚಾಯಿತಿಯನ್ನೇ ತೆಗೆದುಕೊಳ್ಳಬಹುದು. ಸಂವಿಧಾನಕ್ಕೆ ೧೯೯೨ರಲ್ಲಿ ಆದ ೭೩ನೆಯ ತಿದ್ದುಪಡಿ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ರಾಜ್ಯಗಳಲ್ಲಿ ಪಂಚಾಯಿತಿಗಳನ್ನು ರಚಿಸುವ ವಿಷಯದಲ್ಲಿ ಅದು ಶಲ್ ಎಂದಿತು. ಮಹಿಳೆಯರಿಗೆ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಡುವ ವಿಷಯದಲ್ಲಿಯೂ ಶಲ್ ಎಂದಿತು. ಆದರೆ ಪಂಚಾಯಿತಿಗಳಿಗೆ ಅಧಿಕಾರಗಳನ್ನು ಒಪ್ಪಿಸುವ ೨೪೩-ಜಿ ಅನುಚ್ಛೇದದಲ್ಲಿ, ರಾಜ್ಯದ ಶಾಸನಸಭೆ ಕಾನೂನಿನ ಮೂಲಕ ಹಾಗೆ ಮಾಡಬಹುದೆಂದು ಮೇ ಪದವನ್ನು ಬಳಸಿತು. ಊರಿನ ಮತದಾರರೆಲ್ಲ ಸೇರುವ ಗ್ರಾಮಸಭೆಗೂ ದೊರೆತುದು ಮೇ ಎಂಬುದೇ. ಮನೆ ಕಟ್ಟುವುದು ತಕ್ಕದ್ದು. ಬೀಗದ ಕೈ ಕೊಡಬಹುದು! ಇದರಿಂದಾದ ಪರಿಣಾಮ ಎಲ್ಲರಿಗೂ ಕಾಣುವಂತಿದೆ. ಚುನಾವಣೆ, ಮೀಸಲು ಸ್ಥಾನಗಳು ದೇಶದ ಬಹುಭಾಗಕ್ಕೆ ಬಂದುವು. ಕೈಗೆ ಬಂದ ಅಧಿಕಾರ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆಬೇರೆಯಾಗಿ ನಿಂತಿತು.

ಇದೇ ತಿದ್ದುಪಡಿಯಲ್ಲಿ ಮೇ ನಾಟ್‌ನ ಒಗಟೂ ಉಂಟು. ಇಪ್ಪತ್ತು ಲಕ್ಷಕ್ಕೆ ಮೀರದ ಜನಸಂಖ್ಯೆಯ ರಾಜ್ಯದಲ್ಲಿ ಮಧ್ಯಮ ಹಂತದ ಪಂಚಾಯಿತಿಗಳ ರಚನೆಯ ವಿಷಯವಾಗಿ ‘ಮೇ ನಾಟ್’ ಎಂದಿದೆ. ರಚಿಸಬಾರದೆಂದೋ, ರಚಿಸದೆ ಇರಬಹುದೆಂದೋ? ಗೋವಾ ರಾಜ್ಯವು ಮಧ್ಯಮ ಹಂತವನ್ನು ಬಿಟ್ಟಿತು. ಅದಕ್ಕಿಂತಲೂ ಹಗುರವಾದ ಜನಸಂಖ್ಯೆಯ ಅರುಣಾಚಲದಲ್ಲಿ ಹಲವು ವರ್ಷ ಮೂರು ಹಂತಗಳೂ ನಡೆದುವು. ‘ರಚಿಸದೆ ಇರಬಹುದು’ ಎಂಬ ಅರ್ಥವೇ ಹೀಗೆ ಆಚರಣೆಯಲ್ಲಿ ನಿಂತಿತು.

ಮಕ್ಕಳ ಶಿಕ್ಷಣದ ಕಥೆ ಇನ್ನೂ ದೀರ್ಘವಾದುದು. ೧೯೫೦ರ ಸಂವಿಧಾನದ ೪೫ನೆಯ ಅನುಚ್ಛೇದವು ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಸರಕಾರವು ‘ಪ್ರಯತ್ನಿಸತಕ್ಕದ್ದು’ ಎಂದಿತು. ಶಲ್ ಇತ್ತು, ಆದರೆ ಅದು ಪ್ರಯತ್ನಕ್ಕೆ ಮಾತ್ರ ಹತ್ತಿಕೊಂಡಿತ್ತು. ಮೇಲಾಗಿ ಅದು ನಿರ್ದೇಶಕ ತತ್ತ್ವಗಳ ಸಾಲಿನಲ್ಲಿದ್ದುದರಿಂದ ನ್ಯಾಯಾಲಯದ ಬಾಗಿಲು ತಟ್ಟುವಂತಿರಲಿಲ್ಲ. ೨೦೦೨ರ ೮೬ನೆಯ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸರಕಾರವು ಶಿಕ್ಷಣವನ್ನು ‘ಒದಗಿಸತಕ್ಕದ್ದು’ ಎಂದು ಮೂಲಭೂತ ಹಕ್ಕುಗಳಲ್ಲಿ ಬರೆಯಿತು. ಅದು ಜಾರಿಗೆ ಬಂದುದು ೨೦೧೦ರ ಏಪ್ರಿಲ್ ೧ರಂದು. ಪ್ರಯತ್ನಿಸತಕ್ಕದ್ದು ಎಂಬಲ್ಲಿಂದ ಒದಗಿಸತಕ್ಕದ್ದು ಎಂಬಲ್ಲಿಗೆ ಬರಲು ಅರುವತ್ತು ವರ್ಷ ಹಿಡಿಯಿತು.

ರಾಷ್ಟ್ರಪತಿಯವರ ಪದವಿಯೂ ಈ ಪದಗಳ ಹಂಗಿನಲ್ಲಿದೆ. ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ೧೯೭೬ರ ೪೨ನೆಯ ತಿದ್ದುಪಡಿ ಶಲ್ ಪದವನ್ನು ಸ್ಪಷ್ಟವಾಗಿ ಸೇರಿಸಿತು. ೧೯೭೮ರ ೪೪ನೆಯ ತಿದ್ದುಪಡಿ, ಸಲಹೆಯನ್ನು ಮರುಪರಿಶೀಲಿಸುವಂತೆ ಅವರು ಕೇಳಬಹುದೆಂದು ಒಂದು ಮೇ ಎಂಬುದನ್ನು ಕೂಡಿಸಿ, ಆಮೇಲೆ ಬಂದ ಸಲಹೆಯಂತೆ ನಡೆಯತಕ್ಕದ್ದೆಂದು ಇನ್ನೊಂದು ಶಲ್‌ನಿಂದ ಅದನ್ನು ಮುಚ್ಚಿತು.

ಹಾಗೆಂದು ಪದವೊಂದನ್ನೇ ನಂಬಿ ಕುಳಿತರೂ ಸಾಲದು. ಲೋಕಸೇವಾ ಆಯೋಗವನ್ನು ಸಮಾಲೋಚಿಸುವ ವಿಷಯದಲ್ಲಿ ಸಂವಿಧಾನವು ಶಲ್ ಎಂದಿದ್ದರೂ, ಹಾಗೆ ಸಮಾಲೋಚಿಸದಿದ್ದ ಮಾತ್ರಕ್ಕೆ ಸರಕಾರದ ಕ್ರಮ ಅಸಿಂಧುವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೫೭ರಲ್ಲಿ ತೀರ್ಪಿತ್ತಿತು. ಇನ್ನೊಂದು ಕಡೆ, ಅಧಿಕಾರದೊಡನೆ ಪ್ರಜೆಗೆ ಸಲ್ಲಬೇಕಾದ ಕರ್ತವ್ಯವೂ ಬೆರೆತಿದ್ದರೆ ‘ಬಹುದು’ ಎಂಬುದನ್ನೇ ‘ತಕ್ಕದ್ದು’ ಎಂದು ಓದಿದ ನಿರ್ಣಯಗಳೂ ಉಂಟು. ಪದದ ಹಿಂದಿರುವ ಉದ್ದೇಶವನ್ನು ನ್ಯಾಯಾಧೀಶರು ತೂಗಿ ನೋಡುವರು. ತಕ್ಕದ್ದು ಎಂಬುದರ ಮೂಲವೇ ಯೋಗ್ಯತೆಯಲ್ಲವೆ?

ಮನೆಯಲ್ಲಿ ಮಾಡಬಹುದಾದುದು

ಇವೆಲ್ಲವನ್ನೂ ಮಕ್ಕಳಿಗೆ ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಮೇ ಎಂದರೆ ಬಹುದು, ಮಸ್ಟ್ ಎಂದರೆ ಬೇಕು ಎಂಬ ಜೋಡಿಪದಗಳು ಆರಂಭಕ್ಕೆ ಊರುಗೋಲಾದಾವು. ಕೊನೆಯತನಕ ಅವೇ ನಡೆಸಲಾರವು. ಅದಕ್ಕಿಂತ ಮೂರು ಪ್ರಶ್ನೆಗಳನ್ನು ಕಲಿಸುವುದು ಮೇಲು. ಈ ಮಾತು ಎಷ್ಟು ಖಚಿತ? ಅಪ್ಪಣೆ ಯಾರದು? ಹೊಣೆ ಯಾರ ಮೇಲಿದೆ? ಇವಕ್ಕೆ ಉತ್ತರವನ್ನು ಮೊದಲು ಮನೆಯ ಕನ್ನಡದಲ್ಲಿ ಹುಡುಕಿದ ಮಗುವಿಗೆ ಇಂಗ್ಲಿಷಿನ ಪದವು ತಾನಾಗಿಯೇ ಒದಗಿ ಬರುವುದು. ಬಂದೀತು, ಬರಲಿಕ್ಕಿಲ್ಲ, ಒಲ್ಲೆ ಎಂಬ ರೂಪಗಳನ್ನು ಹಳ್ಳಿಯ ಮಾತೆಂದು ಕಡೆಗಣಿಸಿದ ಮನೆಯಲ್ಲಿ ಮೈಟ್, ವೋಂಟ್‌ಗಳ ಸೂಕ್ಷ್ಮವೂ ಕಷ್ಟವಾಗುವುದು.

ಅದೇ ಮೂರು ಪ್ರಶ್ನೆಗಳು ದೊಡ್ಡವರಿಗೂ ಬೇಕಾದವು. ಕಚೇರಿಯಿಂದ ಬಂದ ಕಾಗದದಲ್ಲಿ, ಬ್ಯಾಂಕಿನ ಕರಾರಿನಲ್ಲಿ, ಗ್ರಾಮಸಭೆಯ ತಿಳಿವಳಿಕೆ ಪತ್ರದಲ್ಲಿ ‘ಒದಗಿಸಬಹುದು’ ಎಂದಿದ್ದರೆ ಅದನ್ನು ‘ಒದಗಿಸುವರು’ ಎಂದು ಓದಿ ಸಂತೋಷಪಡುವುದಕ್ಕೆ ಮುನ್ನ ಒಂದು ಗಳಿಗೆ ತಡೆದು, ಒದಗಿಸದೆ ಹೋದರೆ ಕೇಳುವ ಹಕ್ಕು ಯಾರಿಗುಂಟೆಂದು ವಿಚಾರಿಸಬೇಕು.